ಲೆಡ್ಜರ್ ಇದೆ, ಪುಟ ಸಿಗುವುದಿಲ್ಲ: ಒಂದು ವಿಶ್ವವಿದ್ಯಾಲಯದ ದಾಖಲೆ ಸೇವೆಯ ವಿಮರ್ಶೆ

ಬಯಲುಸೀಮೆಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಿಂದ ನನ್ನ ತಂಗಿಯ ಬಿ.ಎಸ್‌ಸಿ. ಅಂಕಪಟ್ಟಿಗಳ ದ್ವಿಪ್ರತಿ ಪಡೆಯುವುದಕ್ಕೆ ನಮಗೆ ಏಳು ತಿಂಗಳು ಹಿಡಿಯಿತು. ಶಿರಸಿಯಿಂದ ನಾಲ್ಕು ಸಲ ಹೋಗಿಬರಬೇಕಾಯಿತು. ಹೋಟೆಲಿನ ದೋಸೆಗೂ ಮಿಕ್ಸರ್ ದುರಸ್ತಿಯ ಅಂಗಡಿಗೂ ವಿಮರ್ಶೆ ಬರೆಯುವ ಈ ಕಾಲದಲ್ಲಿ, ಓದಿದವರೆಲ್ಲ ಒಂದಲ್ಲ ಒಂದು ದಿನ ಹಣ ಕಟ್ಟಿ ಪಡೆಯಬೇಕಾದ ಈ ಸೇವೆಯ ಬಗ್ಗೆ ಯಾರಾದರೂ ವಿವರವಾಗಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಹಾಕಿದರೆ ಓದುವವರು ಅದೊಂದರ ಮೇಲಿನ ದೂರು ಎಂದುಕೊಂಡು ಸುಮ್ಮನಾಗುತ್ತಾರೆ. ನಾನು ಅಲ್ಲಿ ಕಂಡ ರೋಗ ಅದೊಂದಕ್ಕೇ ಅಂಟಿದ್ದಲ್ಲ.

ನಾನು ಶಿರಸಿಯ ಕಾಲೇಜೊಂದರ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿ ಅಧೀಕ್ಷಕಿಯಾಗಿ ನಿವೃತ್ತಳಾದವಳು. ಕಿಟಕಿಯ ಆಚೆ ಕುಳಿತು ಅರ್ಜಿ ತೆಗೆದುಕೊಂಡೇ ಆಯುಷ್ಯ ಕಳೆದವಳಿಗೆ ಕಿಟಕಿಯ ಈಚೆ ನಿಲ್ಲುವುದು ಹೊಸ ಅನುಭವ. ಆದ್ದರಿಂದ ಗುಮಾಸ್ತರ ಮೇಲೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುವುದಿಲ್ಲ. ಹಾಗೆಯೇ ಅವರು ಕೊಡುವ ಕಾರಣಗಳಲ್ಲಿ ಯಾವುದು ನಿಜ, ಯಾವುದು ಊಟಕ್ಕೆ ಏಳುವ ಅವಸರದಲ್ಲಿ ಹೇಳಿದ್ದು ಎಂಬುದೂ ತಿಳಿಯುತ್ತದೆ.

ತಂಗಿಯ ಮನೆ ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿಯ ದಂಡೆಗೆ ಹತ್ತಿರ. ತಂದೆಯ ನೌಕರಿ ಬಯಲುಸೀಮೆಯಲ್ಲಿದ್ದ ಕಾಲಕ್ಕೆ ಅಲ್ಲಿಯೇ ಓದಿ 1992ರಲ್ಲಿ ಪದವಿ ಮುಗಿಸಿದವಳು. 2019ರ ಆಗಸ್ಟಿನ ನೆರೆಯಲ್ಲಿ ಹೊಳೆ ಅಂಗಳ ದಾಟಿ ಒಳಕೋಣೆಗೆ ಬಂದಾಗ ಮನೆಮಂದಿ, ದನಕರು ಎಲ್ಲ ಎತ್ತರದ ಜಾಗಕ್ಕೆ ಹೋದರು. ಕಬ್ಬಿಣದ ಕಪಾಟಿನ ಕೆಳಖಾನೆಯಲ್ಲಿದ್ದ ಕಾಗದಪತ್ರಗಳು ಅಲ್ಲೇ ಉಳಿದವು. ನೀರಿಳಿದ ಮೇಲೆ ತೆಗೆದು ನೋಡಿದರೆ ಮೂರು ವರ್ಷದ ಅಂಕಪಟ್ಟಿಗಳು ಒಂದಕ್ಕೊಂದು ಅಂಟಿ ಒಂದೇ ಹಲಗೆಯಂತಾಗಿದ್ದವು. ಬಿಡಿಸಲು ಹೋದರೆ ಒಂದರ ಅಕ್ಷರ ಇನ್ನೊಂದರ ಬೆನ್ನಿಗೆ ಹತ್ತಿಕೊಂಡು ಬಂತು. ಪದವಿ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದ್ದಳು, ಅದಾದರೂ ಉಳಿದೀತೆಂದು ಆಸೆಪಟ್ಟೆವು. ಅಂಚಿನಲ್ಲಿ ನುಗ್ಗಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಪ್ಲಾಸ್ಟಿಕ್ಕಿನ ಒಳಗೇ ಬೂಷ್ಟು ಬೆಳೆದಿತ್ತು. ಬಿಸಿ ಲ್ಯಾಮಿನೇಷನ್ ಮಾಡಿದ ಕಾಗದವನ್ನು ಕೆಡಿಸದೆ ಬಿಡಿಸಿ ಒಣಗಿಸುವ ಉಪಾಯವಿಲ್ಲ ಎಂಬುದನ್ನು ನಾನು ಎಷ್ಟು ವಿದ್ಯಾರ್ಥಿಗಳಿಗೆ ಹೇಳಿದ್ದೆನೋ, ಸ್ವಂತ ತಂಗಿಗೆ ಹೇಳಿರಲಿಲ್ಲ. ನಮ್ಮ ಅಜ್ಜನ ಮನೆಯಲ್ಲಿ ಜಮೀನಿನ ಕಾಗದಗಳ ಪೆಟ್ಟಿಗೆ ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಜಾಗದಲ್ಲಿರುತ್ತಿತ್ತು. ಮಸಿ ಹಿಡಿದು ಕಪ್ಪಾಗಿತ್ತೇ ಹೊರತು ಒರಲೆ ಅದನ್ನು ಮುಟ್ಟಿರಲಿಲ್ಲ. ತಂಗಿಯ ಸ್ಲ್ಯಾಬಿನ ಮನೆಗೆ ಅಟ್ಟವೂ ಇಲ್ಲ, ಹೊಗೆಯೂ ಇಲ್ಲ.

ಹಲವು ವರ್ಷ ಅಂಕಪಟ್ಟಿಯ ಗೊಡವೆಯೇ ಬರಲಿಲ್ಲ. ಅವಳು ಪಾಠ ಮಾಡುವ ಖಾಸಗಿ ಶಾಲೆಯ ಆಡಳಿತ ಮಂಡಳಿ ಬದಲಾಗಿ, ಶಿಕ್ಷಕರೆಲ್ಲ ಮೂಲ ಅಂಕಪಟ್ಟಿ ಹಾಜರುಪಡಿಸಬೇಕೆಂಬ ಸುತ್ತೋಲೆ ಬಂದಾಗ ಸಂಕಟ ಶುರುವಾಯಿತು. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ದ್ವಿಪ್ರತಿಯ ಅರ್ಜಿ ನಮೂನೆ ಸಿಕ್ಕಿತು. ಠಾಣೆಯ ಸ್ವೀಕೃತಿ, ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ನೋಟರಿಯ ಸಹಿ, ಶುಲ್ಕದ ಚಲನ್ ಇವೆಲ್ಲ ನಾನು ಎಣಿಸಿದಂತೆಯೇ ಇದ್ದವು, ಶುಲ್ಕವೂ ಭಾರವೆನಿಸಲಿಲ್ಲ. ಎಣಿಸದೇ ಇದ್ದದ್ದು ಎರಡನೆಯ ಅಂಕಣ. ಪ್ರತಿ ವರ್ಷದ ಪರೀಕ್ಷೆಯ ನೋಂದಣಿ ಸಂಖ್ಯೆ ಮತ್ತು ಪರೀಕ್ಷೆ ನಡೆದ ತಿಂಗಳನ್ನು ಅಲ್ಲಿ ಕಡ್ಡಾಯವಾಗಿ ಬರೆಯಬೇಕು, ಬರೆಯದಿದ್ದರೆ ಅರ್ಜಿ ಸ್ವೀಕರಿಸುವುದಿಲ್ಲ. ಆ ಸಂಖ್ಯೆ ಮುದ್ರಿತವಾಗಿರುವುದು ಅಂಕಪಟ್ಟಿಯ ಮೇಲೆ. ಅಂಕಪಟ್ಟಿಯೇ ಹೋಯಿತೆಂದು ಬಂದವರ ಬಳಿ ಅಂಕಪಟ್ಟಿಯ ಸಂಖ್ಯೆ ಕೇಳುವುದು, ಕೀಲಿಕೈ ಕಳೆದವನಿಗೆ ಬಾಗಿಲು ತೆರೆದು ಒಳಗಿನ ಕೀಲಿಕೈ ತೆಗೆದುಕೊಂಡು ಬಾ ಎಂದಂತೆ. ಮೊದಲ ಪ್ರಯಾಣ ಈ ಒಂದು ಅಂಕಣದಿಂದಾಗಿ ವ್ಯರ್ಥವಾಯಿತು. ಶಕ್ತಿ ಯೋಜನೆಯ ದೆಸೆಯಿಂದ ಬಸ್ಸಿನ ದುಡ್ಡು ಉಳಿಯಿತು ಎಂಬುದಷ್ಟೇ ಅಂದಿನ ಸಮಾಧಾನ.

ಇಲ್ಲಿ ಆಕೆ ಓದಿದ ಕಾಲೇಜಿನ ಕಚೇರಿಗೆ ಎರಡು ಒಳ್ಳೆಯ ಮಾತು ಸಲ್ಲಬೇಕು. ಹೆಸರು, ಸೇರಿದ ವರ್ಷ ಹೇಳಿದ್ದೇ ತಡ, ಅಲ್ಲಿಯ ಸಹಾಯಕರು ಜನರಲ್ ರಿಜಿಸ್ಟರ್ ತೆಗೆದು, ಪ್ರವೇಶ ಸಂಖ್ಯೆ ಹಿಡಿದು, ಅದರ ಮೂಲಕ ಪರೀಕ್ಷಾ ಶುಲ್ಕದ ಪಟ್ಟಿಗೆ ಹೋಗಿ, ಮೂರೂ ವರ್ಷದ ನೋಂದಣಿ ಸಂಖ್ಯೆಗಳನ್ನು ಅರ್ಧ ಗಂಟೆಯೊಳಗೆ ಬರೆದು ಕೊಟ್ಟರು. ಅಲ್ಲಿ ಕಂಪ್ಯೂಟರ್ ಬಳಸಲೇ ಇಲ್ಲ. ಅವರಲ್ಲಿದ್ದದ್ದು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಕೈಹಿಡಿದು ಕರೆದೊಯ್ಯುವ ಸಂಖ್ಯೆ, ಮತ್ತು ಆ ಪುಸ್ತಕ ಯಾವ ಖಾನೆಯಲ್ಲಿದೆ ಎಂಬ ತಿಳಿವಳಿಕೆ. ಸಣ್ಣ ಸಂಸ್ಥೆಗೆ ಇದು ಸುಲಭ ಎಂದು ಯಾರಾದರೂ ಹೇಳಬಹುದು. ಆದರೆ ಸಂಸ್ಥೆ ದೊಡ್ಡದಾದಷ್ಟೂ ಇಂಥ ಪಟ್ಟಿ ಹೆಚ್ಚು ಬೇಕಾಗುತ್ತದಲ್ಲವೇ?

ಎರಡನೆಯ ಸಲ ಹೋದಾಗ ಅರ್ಜಿ ಸೇರಿತು, ಟಪಾಲು ಸಂಖ್ಯೆ ಬಿತ್ತು, ನಲವತ್ತೈದು ದಿನ ಬಿಟ್ಟು ವಿಚಾರಿಸಿ ಎಂದರು. ವಿಚಾರಿಸಿದಾಗ ಬಂದ ಉತ್ತರ, ಎಲ್ಲ ವಿದ್ಯಾರ್ಥಿಗಳ ಅಂಕ ಬರೆದಿಡುವ ಪುಸ್ತಕ, ಅಂದರೆ ಲೆಡ್ಜರ್, ಮೊದಲ ಮತ್ತು ಮೂರನೆಯ ವರ್ಷದ್ದು ಸಿಕ್ಕಿದೆ, ಎರಡನೆಯ ವರ್ಷದ್ದು ಸಿಕ್ಕಿಲ್ಲ ಎಂದು. ಮೂರನೆಯ ಸಲ ಹೋದದ್ದು ಇದಕ್ಕಾಗಿ. ನಾನೂ ಇದೇ ವೃತ್ತಿಯವಳೆಂದು ತಿಳಿದ ಮೇಲೆ ವಿಷಯ ನಿರ್ವಾಹಕರು, ಅಂದರೆ ನಮ್ಮ ಅರ್ಜಿಯನ್ನು ನೋಡಿಕೊಳ್ಳುವ ಗುಮಾಸ್ತರು, ಅಕ್ಕಾ ನೀವೇ ಬಂದು ನೋಡಿ ಎಂದು ಹಳೆಯ ದಾಖಲೆ ಕೋಣೆಗೆ ಕರೆದೊಯ್ದರು. ಈ ವಿಮರ್ಶೆಯ ತಿರುಳು ಆ ಕೋಣೆಯಲ್ಲಿದೆ.

ಬಾಗಿಲಿನಿಂದ ಒಳಗೆ ಹೆಜ್ಜೆ ಇಡುತ್ತಿದ್ದಂತೆ ಎದುರಾಗುವುದು ಗೋಣಿಚೀಲಗಳು. ಉತ್ತರಪತ್ರಿಕೆಗಳ ಕಟ್ಟುಗಳು, ಎಷ್ಟೋ ವರ್ಷಗಳವು, ಅರಗಿನ ಮೊಹರು ಹಾಗೆಯೇ ಇದ್ದವು. ಅವುಗಳ ಹಿಂದೆ ಬಳಸದೇ ಉಳಿದ ಉತ್ತರಪತ್ರಿಕೆಯ ಖಾಲಿ ಪುಸ್ತಕಗಳು, ಹಳೆಯ ಪಠ್ಯಕ್ರಮದ ಪ್ರಶ್ನೆಪತ್ರಿಕೆಗಳು, ಪ್ರಯಾಣ ಭತ್ಯೆಯ ಬಿಲ್ಲುಗಳ ಕಟ್ಟು, ಕೈ ಮುರಿದ ಕುರ್ಚಿ, ಕೆಟ್ಟ ಸೈಕ್ಲೋಸ್ಟೈಲ್ ಯಂತ್ರ. ಇಷ್ಟೆಲ್ಲ ದಾಟಿದ ಮೇಲೆ ಗೋಡೆಯ ಕಡೆಗೆ ಕಬ್ಬಿಣದ ರ್‍ಯಾಕುಗಳಲ್ಲಿ ಅಂಕಗಳ ಲೆಡ್ಜರುಗಳು, ನಾವು ಟ್ಯಾಬ್ಯುಲೇಷನ್ ರಿಜಿಸ್ಟರ್ ಎನ್ನುವ ದಪ್ಪ ಪುಸ್ತಕಗಳು. ಇಡೀ ವಿಶ್ವವಿದ್ಯಾಲಯ ಬೆಂಕಿಗೆ ಸಿಕ್ಕರೂ ಮೊದಲು ಹೊರಗೆ ತರಬೇಕಾದ ವಸ್ತು ಯಾವುದೋ ಅದು ಕೋಣೆಯ ಅತ್ಯಂತ ಒಳಗಿತ್ತು. ಕಸದ ಬಂಡಿಗೆ ಮೊದಲು ಹೋಗಬೇಕಾದದ್ದು ಬಾಗಿಲಲ್ಲಿತ್ತು. ರ್‍ಯಾಕಿನ ಮೇಲೆ ವರ್ಷದ ಚೀಟಿಗಳಿದ್ದವು, ಅರ್ಧಕ್ಕರ್ಧ ಕಳಚಿ ಬಿದ್ದಿದ್ದವು. ಯಾವ ಸಂಪುಟ ಎಲ್ಲಿದೆ ಎಂಬ ಪಟ್ಟಿ ಎಲ್ಲಿ ಎಂದು ಕೇಳಿದೆ. ನಿವೃತ್ತರಾದ ಒಬ್ಬ ಜವಾನರ ಹೆಸರು ಹೇಳಿ, ಅವರಿಗೆ ಎಲ್ಲ ಬಾಯಿಪಾಠವಿತ್ತು ಎಂದರು.

ವಿಶ್ವವಿದ್ಯಾಲಯಗಳು ದಾಖಲೆಗಳನ್ನು ಕಳೆದುಹಾಕುತ್ತವೆ ಎಂದು ಜನ ದೂರುತ್ತಾರೆ. ಆ ಕೋಣೆಯಲ್ಲಿ ನಾನು ಕಂಡದ್ದು ಬೇರೆಯೇ: ಅಲ್ಲಿ ಏನನ್ನೂ ಕಳೆದಿರಲಿಲ್ಲ, ಎಲ್ಲವನ್ನೂ ಇಟ್ಟಿದ್ದರು, ಎಲ್ಲವನ್ನೂ ಇಟ್ಟದ್ದರಿಂದಲೇ ಬೇಕಾದದ್ದು ಸಿಗುತ್ತಿರಲಿಲ್ಲ. ನಮ್ಮ ಕಡೆ ಅಡಿಕೆ ಬೆಳೆಯುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚಾಲಿ, ರಾಶಿ, ಬೆಟ್ಟೆ, ಗೋಟು ಎಂದು ಆರಿಸಿ ಬೇರೆ ಮಾಡಿಯೇ ಚೀಲ ತುಂಬುತ್ತಾರೆ; ಆರಿಸದೆ ತುಂಬಿದ ಚೀಲಕ್ಕೆ ಸೊಸೈಟಿಯಲ್ಲಿ ದರ ಸಿಗುವುದಿಲ್ಲ. ದಾಖಲೆಯ ವಿಷಯದಲ್ಲಿ ಹೀಗೆ ಆರಿಸಲು ಇರುವುದು ಧಾರಣಾವಧಿ ಪಟ್ಟಿ, ಅಂದರೆ ಯಾವ ಕಾಗದವನ್ನು ಎಷ್ಟು ಕಾಲ ಇಡಬೇಕು ಎಂದು ಹೇಳುವ ಪಟ್ಟಿ. ಕಂದಾಯ ಕಚೇರಿಗಳಲ್ಲಿ ಕಡತ ಮುಗಿಸುವಾಗಲೇ ಅದರ ಮೇಲೆ ವರ್ಗ ಬರೆಯುವ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ: ಎ ಎಂದರೆ ಶಾಶ್ವತ, ಬಿ ಎಂದರೆ 30 ವರ್ಷ, ಸಿ ಎಂದರೆ 10 ವರ್ಷ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ನಮ್ಮ ಜಿಲ್ಲೆಯ ಕಾಗದಗಳು ಇಷ್ಟು ಆಡಳಿತ ಕಂಡೂ ಹುಡುಕಿದರೆ ಸಿಗುತ್ತವೆ. ಕಾರವಾರದಲ್ಲಿ ನಮ್ಮ ತೋಟದ ಹಳೆಯ ನಕಾಶೆಯ ಪ್ರತಿ ಪಡೆಯಲು ನಾನು ಒಮ್ಮೆ ಹೋಗಿದ್ದೆ; ಸರ್ವೆ ನಂಬರ್ ಹೇಳಿದರೆ ಸಾಕಾಯಿತು.

ವಿಶ್ವವಿದ್ಯಾಲಯಕ್ಕೆ ಇದೇ ಅಳತೆ ಹಾಕಿದರೆ ಶಾಶ್ವತವಾಗಿ ಉಳಿಯಬೇಕಾದದ್ದು ಜನ ಎಣಿಸುವುದಕ್ಕಿಂತ ಬಹಳ ಕಡಿಮೆ. ಅಂಕಗಳ ಲೆಡ್ಜರು, ಘಟಿಕೋತ್ಸವದ ಪದವಿ ವಹಿ, ಪ್ರವೇಶ ಮತ್ತು ಅರ್ಹತೆಯ ವಹಿ, ಸಿಂಡಿಕೇಟ್ ಹಾಗೂ ವಿದ್ಯಾವಿಷಯಕ ಪರಿಷತ್ತಿನ ನಡಾವಳಿ, ಆಯಾ ವರ್ಷ ಜಾರಿಯಲ್ಲಿದ್ದ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮದ ಒಂದು ಅಧಿಕೃತ ಪ್ರತಿ, ಸಂಶೋಧನಾ ಪ್ರಬಂಧಗಳು. ಪಠ್ಯಕ್ರಮದ ಪ್ರತಿಯನ್ನು ಹೆಚ್ಚಿನ ಕಡೆ ಮರೆಯುತ್ತಾರೆ. ಹೊರದೇಶಕ್ಕೆ ಹೋಗುವ ಹಳೆಯ ವಿದ್ಯಾರ್ಥಿಗಳನ್ನು ಅಲ್ಲಿಯ ಸಂಸ್ಥೆಗಳು ಕೇಳುವ ಮೊದಲ ಕಾಗದಗಳಲ್ಲಿ ಅದೂ ಒಂದು. ಸೇವಾ ಪುಸ್ತಕಗಳು ನೌಕರರ ನಿವೃತ್ತಿ ಮತ್ತು ಕುಟುಂಬ ಪಿಂಚಣಿ ಮುಗಿಯುವ ತನಕ ಬೇಕು, ಲೆಕ್ಕದ ಕಾಗದಗಳು ಕನಿಷ್ಠ ಆಡಿಟ್ ಆಕ್ಷೇಪಗಳು ತೀರುವ ತನಕ. ಉತ್ತರಪತ್ರಿಕೆಗೆ ಮರುಮೌಲ್ಯಮಾಪನದ ಗಡುವು ಕಳೆದ ಮೇಲೆ, ನ್ಯಾಯಾಲಯದ ವ್ಯಾಜ್ಯವಿಲ್ಲದಿದ್ದರೆ, ಕೆಲವು ತಿಂಗಳಿಗಿಂತ ಹೆಚ್ಚು ಆಯುಷ್ಯ ಬೇಕಿಲ್ಲ.

ಕಡೆಯದಕ್ಕೆ ಸರ್ವೋಚ್ಚ ನ್ಯಾಯಾಲಯದ ಆಧಾರವೂ ಇದೆ. 2011ರ ಆಗಸ್ಟ್ 9ರಂದು ಸಿ.ಬಿ.ಎಸ್.ಇ. ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ಮೌಲ್ಯಮಾಪನಗೊಂಡ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿಗೆ ಇದೆ ಎಂದು ತೀರ್ಪಾಯಿತು. ಎಲ್ಲರಿಗೂ ನೆನಪಿರುವುದು ಇಷ್ಟೇ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಆ ಹಕ್ಕು ಇರುವುದು ಸಂಸ್ಥೆ ತನ್ನ ನಿಯಮದ ಪ್ರಕಾರ ಉತ್ತರಪತ್ರಿಕೆಗಳನ್ನು ಇಟ್ಟುಕೊಳ್ಳುವ ಅವಧಿಯೊಳಗೆ ಮಾತ್ರ. ಅವಧಿ ಮುಗಿದು ನಿಯಮಬದ್ಧವಾಗಿ ವಿಲೇವಾರಿಯಾದದ್ದನ್ನು ತಂದುಕೊಡು ಎನ್ನಲಾಗದು, ಈ ಕಾಯ್ದೆಯ ಹೆಸರು ಹೇಳಿ ಇನ್ನೂ ಹೆಚ್ಚು ಕಾಲ ಇಡಿ ಎಂದು ಒತ್ತಾಯಿಸಲೂ ಆಗದು. ಅಂದರೆ ಆ ಗೋಣಿಚೀಲಗಳನ್ನು ಕಾನೂನಿನ ಭಯದಿಂದ ಇಟ್ಟಿದ್ದರೆ ಆ ಭಯಕ್ಕೆ ಆಧಾರವಿಲ್ಲ.

ಭಯ ಬೇರೆಯದು, ಅದನ್ನು ನಾನು ಬಲ್ಲೆ. ಕಡತ ನಾಶಪಡಿಸಬೇಕಾದರೆ ಪಟ್ಟಿ ಮಾಡಬೇಕು, ಸಮಿತಿ ನೋಡಬೇಕು, ಮೇಲಿನವರ ಮಂಜೂರಾತಿ ಬರಬೇಕು, ಕೊನೆಗೆ ಪಟ್ಟಿಯ ಕೆಳಗೆ ಒಬ್ಬರು ಸಹಿ ಹಾಕಬೇಕು. ನನ್ನ 31 ವರ್ಷದಲ್ಲಿ ಕಾಗದ ಇಟ್ಟುಕೊಂಡದ್ದಕ್ಕೆ ಮೆಮೋ ಪಡೆದವರನ್ನು ನಾನು ನೋಡಿಲ್ಲ. ತೆಗೆದುಹಾಕಿದ್ದಕ್ಕೆ ಪಡೆದವರನ್ನು ನೋಡಿದ್ದೇನೆ. ಹೀಗಿರುವಾಗ ಇನ್ನೆರಡು ವರ್ಷದಲ್ಲಿ ನಿವೃತ್ತರಾಗುವ ಅಧಿಕಾರಿ ಆ ಸಹಿ ಏಕೆ ಹಾಕಿಯಾರು? ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000 ಕುಲಸಚಿವರನ್ನು ದಾಖಲೆಗಳ ಮತ್ತು ಸಾಮಾನ್ಯ ಮೊಹರಿನ ಅಭಿರಕ್ಷಕರನ್ನಾಗಿ ಮಾಡಿದೆ. ಅಭಿರಕ್ಷಕರೆಂದರೆ ಬೀಗದ ಕೈ ಇಟ್ಟುಕೊಳ್ಳುವವರು ಎಂದಷ್ಟೇ ಅರ್ಥ ಮಾಡಿಕೊಂಡರೆ ಕೋಣೆ ತುಂಬುತ್ತಲೇ ಹೋಗುತ್ತದೆ. ಕೇಂದ್ರದ ಕಚೇರಿಗಳಿಗೆ ಅನ್ವಯಿಸುವ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಪ್ರತಿ ಸಂಸ್ಥೆಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು, ಕಾಲಕಾಲಕ್ಕೆ ಪರಿಶೀಲಿಸಿ ಅಲ್ಪಾವಧಿಯದನ್ನು ತೆಗೆಯಬೇಕು, ಧಾರಣಾವಧಿ ಪಟ್ಟಿ ಸಿದ್ಧಪಡಿಸಬೇಕು ಎನ್ನುತ್ತದೆ. ನಮ್ಮ ರಾಜ್ಯಕ್ಕೂ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ನಾನು ಹೋದ ಕಚೇರಿಯಲ್ಲಿ ದಾಖಲೆ ಅಧಿಕಾರಿ ಯಾರು ಎಂದು ಕೇಳಿದ್ದಕ್ಕೆ ಮೂವರು ಮೂರು ಹೆಸರು ಹೇಳಿದರು.

ಎರಡನೆಯ ವರ್ಷದ ಲೆಡ್ಜರಿಗಾಗಿ ಅಂದು ನಾವಿಬ್ಬರೂ ಮೂರು ಗಂಟೆ ಹುಡುಕಿದೆವು. ಆ ಪುಸ್ತಕಗಳನ್ನು ಬಿಡಿಸಿ ನೋಡುವ ಅವಕಾಶ ಸಿಕ್ಕಿದ್ದು ಮಾತ್ರ ನನ್ನಂಥವಳಿಗೆ ಹಬ್ಬ. 1970ರ ದಶಕದವು ಕೈಬರಹದವು, ನೀಲಿ ಕಪ್ಪು ಶಾಯಿ, ಒಂದೊಂದು ಅಂಕಿಯೂ ಕೊರೆದಿಟ್ಟಂತೆ. ತಿದ್ದಿದ ಕಡೆಯೆಲ್ಲ ತಿದ್ದಿದವರ ಪುಟ್ಟ ಸಹಿ. ಮುಂದೆ ಬಂದರೆ ಡಾಟ್ ಮ್ಯಾಟ್ರಿಕ್ಸ್ ಮುದ್ರಣದ ಅಗಲ ಹಾಳೆಗಳು. ರಿಬ್ಬನ್ ಸವೆದ ಮೇಲೂ ಮುದ್ರಿಸಿದ ಪುಟಗಳಲ್ಲಿ 3 ಯಾವುದು, 8 ಯಾವುದು ಎಂದು ಬೆಳಕಿಗೆ ಹಿಡಿದು ನೋಡಬೇಕು. ಮೂಲ ದತ್ತಾಂಶ ಫಾಕ್ಸ್‌ಪ್ರೋ ಎಂಬ ಹಳೆಯ ತಂತ್ರಾಂಶದಲ್ಲಿ ಇತ್ತಂತೆ, ಫ್ಲಾಪಿಗಳಲ್ಲಿ ಇಟ್ಟಿದ್ದರಂತೆ. ಫ್ಲಾಪಿಗಳು ಇನ್ನೂ ಒಂದು ಡಬ್ಬದಲ್ಲಿವೆ, ಓದುವ ಯಂತ್ರ ಇಲ್ಲ. ಐವತ್ತು ವರ್ಷದ ಶಾಯಿಯನ್ನು ಕನ್ನಡಕ ಹಾಕಿಕೊಂಡು ಓದಬಹುದು, ಮೂವತ್ತು ವರ್ಷದ ಫ್ಲಾಪಿಯನ್ನು ಓದಲಾಗದು ಎಂಬುದು ಆ ಕೋಣೆಯಲ್ಲಿ ಎರಡು ಮೊಳದ ಅಂತರದಲ್ಲಿ ಕಾಣುತ್ತಿತ್ತು. ಧೂಳು ಬಿಟ್ಟರೆ ಕಾಗದದ ಸ್ಥಿತಿ ಚೆನ್ನಾಗಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮೂರಿನಲ್ಲಿ, ಮಳೆ ಬಿಟ್ಟ ಮೇಲೆ ವಹಿಗಳನ್ನು ಜಗಲಿಯ ಗಾಳಿಗೆ ಹರಡಿ, ನುಸಿಗುಳಿಗೆ ಬದಲಿಸಿ, ಒರಲೆ ಬಂದಿದೆಯೇ ಎಂದು ರ್‍ಯಾಕಿನ ಕಾಲು ತಟ್ಟಿ ನೋಡುತ್ತಿದ್ದ ನನಗೆ ಆ ಒಣ ಹವೆ ಕಂಡು ಹೊಟ್ಟೆಕಿಚ್ಚಾಯಿತು. ಇಷ್ಟು ಅನುಕೂಲದ ಹವೆ ಇಟ್ಟುಕೊಂಡು ಒಂದು ಪಟ್ಟಿ ಮಾಡಿಕೊಂಡಿಲ್ಲವಲ್ಲ.

ಹುಡುಕಾಟದ ನಡುವೆ ಇನ್ನೊಂದು ತೊಡಕು ಗೊತ್ತಾಯಿತು. ನಮ್ಮ ಅಡ್ಡಹೆಸರು ನಾಯ್ಕ. ಉತ್ತರ ಕನ್ನಡದಲ್ಲಿ ನಾಯ್ಕ ಬೇರೆ, ನಾಯಕ ಬೇರೆ, ಯಾರೂ ಒಂದನ್ನು ಇನ್ನೊಂದೆಂದು ತಿಳಿಯುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹೊತ್ತಿಗೆ ಐ ಹಾಕುವುದೋ, ವೈ ಹಾಕುವುದೋ, ನಡುವೆ ಒಂದು ಎ ಸೇರಿಸುವುದೋ ಎಂಬುದು ಬೆರಳಚ್ಚುಗಾರರ ಮರ್ಜಿಗೆ ಬಿಟ್ಟದ್ದು. ತಂಗಿಯ ಹೆಸರು ಮೊದಲ ವರ್ಷ ಒಂದು ರೀತಿ, ಮೂರನೆಯ ವರ್ಷ ಇನ್ನೊಂದು ರೀತಿ ಇದೆ. ಮದುವೆಯಾದ ಮೇಲೆ ಆಧಾರಿನಲ್ಲಿ ಮೂರನೆಯದೇ ಒಂದು. ಹೆಗಡೆ, ಭಟ್ಟ, ಶೇಟ್, ಹರಿಕಾಂತ ಮನೆಗಳವರೂ ಇದೇ ಕತೆ ಹೇಳುತ್ತಾರೆ. ಹೆಸರಿನಿಂದ ಹುಡುಕುವ ಸೂಚಿ ಮಾಡುವಾಗ ಈ ರೂಪಗಳನ್ನೆಲ್ಲ ಒಂದೇ ಕಡೆ ತೋರಿಸದಿದ್ದರೆ, ಸ್ಕ್ಯಾನ್ ಮಾಡಿದ ಲೆಡ್ಜರೂ ಆ ಕೋಣೆಯಷ್ಟೇ ಕತ್ತಲೆ.

ಬರಿಗೈಯಲ್ಲಿ ಮರಳಿದ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಕರ್ನಾಟಕದ ನಿಯಮದಂತೆ 150 ಪದಗಳೊಳಗೆ ಒಂದೇ ವಿಷಯ. ತಂಗಿಯ ಅಂಕ ಕೇಳಲಿಲ್ಲ. 2005ರ ಕಾಯ್ದೆಯ 4(1)(ಎ) ಕಲಮಿನಂತೆ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಮತ್ತು ಸೂಚಿ ಸಹಿತ ಇಟ್ಟಿರಬೇಕು; ಅದರಂತೆ 1990ರಿಂದ 1992ರವರೆಗಿನ ಬಿ.ಎಸ್‌ಸಿ. ಲೆಡ್ಜರ್ ಸಂಪುಟಗಳ ಪಟ್ಟಿಯನ್ನು ಕೊಡಿ ಎಂದು ಕೇಳಿದೆ. ಮೂವತ್ತು ದಿನದ ಗಡುವಿಗೆ ಮೂರು ದಿನ ಮೊದಲು, ಅಂಥ ಪಟ್ಟಿ ಲಭ್ಯವಿಲ್ಲ ಎಂಬ ಉತ್ತರ ಬಂತು. ಮೊದಲ ಮೇಲ್ಮನವಿ ಬರೆಯಲು ಕುಳಿತಿದ್ದೆ, ಅಷ್ಟರಲ್ಲಿ ಅದೇ ವಿಷಯ ನಿರ್ವಾಹಕರ ಫೋನು. ಉತ್ತರ ಬರೆಯುವುದಕ್ಕೆಂದು ಸಂಪುಟಗಳನ್ನು ಎಣಿಸುತ್ತಿದ್ದಾಗ ಎರಡನೆಯ ವರ್ಷದ್ದು ಬಿ.ಕಾಂ. ಪುಸ್ತಕಗಳ ಸಾಲಿನಲ್ಲಿ ಸಿಕ್ಕಿತಂತೆ. ಹೊಸದಾಗಿ ರಟ್ಟು ಕಟ್ಟಿಸಿದಾಗ ಬೆನ್ನಿಗೆ ತಪ್ಪು ಚೀಟಿ ಅಂಟಿಸಿದ್ದರಂತೆ. ಪಟ್ಟಿ ಕೇಳಿದ ಒಂದು ಅರ್ಜಿಯಿಂದ ಎಣಿಕೆ ನಡೆಯಿತು, ಎಣಿಕೆಯಿಂದ ಪುಸ್ತಕ ಸಿಕ್ಕಿತು.

ಈಗಿನ ಮಕ್ಕಳಿಗೆ ಈ ಪಾಡಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಅಂಕಪಟ್ಟಿ, ಪದವಿಪತ್ರಗಳನ್ನು ಡಿಜಿಟಲ್ ರೂಪದಲ್ಲಿ ಇಡುವ ರಾಷ್ಟ್ರೀಯ ಶೈಕ್ಷಣಿಕ ಠೇವಣಿ ವ್ಯವಸ್ಥೆಗೆ ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು, 2020ರಿಂದ ಅದು ಡಿಜಿಲಾಕರ್ ಮೂಲಕ ನಡೆಯುತ್ತಿದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು 2021ರಿಂದ ಪ್ರವೇಶ, ಪರೀಕ್ಷೆಗಳಿಗೆ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ವ್ಯವಸ್ಥೆಯನ್ನು ಬಳಸತೊಡಗಿದವು. ತಂಗಿಯ ಮಗಳು ತನ್ನ ಅಂಕಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದ್ದು ನಾನು ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ. ಡಿಜಿಲಾಕರಿಗೆ ಸಂಸ್ಥೆಯೇ ನೇರವಾಗಿ ಹಾಕಿದ ದಾಖಲೆಗೆ 2016ರ ನಿಯಮಗಳ ಪ್ರಕಾರ ಮೂಲ ಕಾಗದದಷ್ಟೇ ಬೆಲೆ ಇದೆ. ನಾವೇ ಫೋಟೋ ಹೊಡೆದು ಏರಿಸಿದ್ದಕ್ಕೆ ಆ ಬೆಲೆ ಇಲ್ಲ, ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ಈ ಭಾಗಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ 1992ರ ತಂಗಿ ಅಲ್ಲಿ ಇಲ್ಲ. ಅವಳನ್ನು ಅಲ್ಲಿಗೆ ತರಬೇಕಾದರೆ ಯಾರಾದರೂ ಆ ಕೋಣೆಗೆ ಹೋಗಿ, ಚೀಲ ಸರಿಸಿ, ಪುಸ್ತಕ ತೆಗೆದು, ಮಸುಕಾದ 3 ಮತ್ತು 8ನ್ನು ಬೇರ್ಪಡಿಸಿ, ನಾಯ್ಕ ಯಾರು ನಾಯಕ ಯಾರು ಎಂದು ತಿಳಿದು ಕೀಲಿಮಣೆ ಒತ್ತಬೇಕು. ಗುತ್ತಿಗೆ ಕೊಟ್ಟು ಪುಟಕ್ಕೆ ಇಷ್ಟೆಂದು ಸ್ಕ್ಯಾನ್ ಮಾಡಿಸುವವರು ಈ ಮೊದಲ ಹೆಜ್ಜೆಗಳನ್ನು ಬಿಟ್ಟು ಕೊನೆಯದಕ್ಕೆ ಹಾರುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 7ನೆಯ ಕಲಮು ವಿದ್ಯುನ್ಮಾನ ದಾಖಲೆ ಮುಂದೆಯೂ ತೆರೆದು ನೋಡಲು ಸಿಗುವಂತಿರಬೇಕು ಎಂದು ಹೇಳುತ್ತದೆ. ಫ್ಲಾಪಿಯ ಡಬ್ಬ ನೋಡಿದ ಮೇಲೆ ಅದು ಎಷ್ಟು ದೊಡ್ಡ ಕರಾರು ಎಂದು ನನಗೆ ಅರಿವಾಯಿತು.

ಸೇವೆಯ ಉಳಿದ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿಬ್ಬಂದಿಯ ನಡವಳಿಕೆ ಒಳ್ಳೆಯದು, ಯಾರೂ ಕೈ ಚಾಚಲಿಲ್ಲ. ಕಿಟಕಿಯ ಬಳಿ ಕೂರಲು ಬೆಂಚಿದೆ, ಕುಡಿಯುವ ನೀರಿದೆ. ಜಾಲತಾಣದ ಫೋನ್ ಸಂಖ್ಯೆಗಳಲ್ಲಿ ಒಂದು ಮಾತ್ರ ರಿಂಗಾಗುತ್ತದೆ. ಅರ್ಜಿ ಯಾವ ಮೇಜಿನಲ್ಲಿದೆ ಎಂದು ತಿಳಿಯುವ ದಾರಿ ಇಲ್ಲ. ಕೊಟ್ಟ ಟಪಾಲು ಸಂಖ್ಯೆ ಟಪಾಲು ವಿಭಾಗದ ಬಾಗಿಲು ದಾಟಿದ ಮೇಲೆ ಯಾರಿಗೂ ಅರ್ಥವಾಗುವುದಿಲ್ಲ. ಕೊನೆಗೆ ಕೈಸೇರಿದ ದ್ವಿಪ್ರತಿಗಳ ಕಾಗದ, ಮುದ್ರಣ, ಮೊಹರು ಎಲ್ಲ ಅಚ್ಚುಕಟ್ಟು, ಒಂದು ಅಂಕಿಯೂ ತಪ್ಪಿಲ್ಲ. ಹೆಸರನ್ನು ಲೆಡ್ಜರಿನಲ್ಲಿ ಇದ್ದಂತೆಯೇ ಮುದ್ರಿಸಿ, ತಿದ್ದುಪಡಿಗೆ ಬೇರೆ ಅರ್ಜಿ ಹಾಕಿ ಎಂದದ್ದು ಕೂಡ ಸರಿಯಾದ ಕ್ರಮವೇ. ಒಟ್ಟು ಐದರಲ್ಲಿ ಎರಡೂವರೆ. ಕೊಟ್ಟ ಅಂಕವೆಲ್ಲ ಆ ಜನರಿಗೂ ಆ ಹಳೆಯ ಶಾಯಿಗೂ, ಕಳೆದದ್ದೆಲ್ಲ ಪಟ್ಟಿ ಇಲ್ಲದ್ದಕ್ಕೆ.

ನಾಲ್ಕನೆಯ ಸಲ ಹೋಗಿದ್ದು ದ್ವಿಪ್ರತಿಗಳನ್ನು ಪಡೆಯುವುದಕ್ಕೆ. ಸಹಿ ಹಾಕಿ ಲಕೋಟೆ ತೆಗೆದುಕೊಳ್ಳುವಾಗ ವಿಷಯ ನಿರ್ವಾಹಕರು ಅದನ್ನು ಒಂದು ಕ್ಷಣ ವಾಪಸು ಪಡೆದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೂರು ಸಾಲು ಬರೆದರು: ಮೂರು ವರ್ಷದ ಲೆಡ್ಜರಿನ ಸಂಪುಟ, ಪುಟ, ರ್‍ಯಾಕಿನ ಸಂಖ್ಯೆ. ತಮ್ಮ ಮೇಜಿನ ಖಾನೆಯಿಂದ ಒಂದು ನೂರು ಪುಟದ ನೋಟುಪುಸ್ತಕ ತೆಗೆದು ಅದರಲ್ಲಿಯೂ ಬರೆದುಕೊಂಡರು. ಹುಡುಕಿ ಸಿಕ್ಕಿದ್ದನ್ನೆಲ್ಲ ಎರಡು ವರ್ಷದಿಂದ ಹೀಗೆ ಬರೆಯುತ್ತಿದ್ದಾರಂತೆ, ಯಾರೂ ಹೇಳಿದ್ದಲ್ಲ. ಕಳೆದ ತಿಂಗಳು ತಂಗಿಗೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷದ ಅಂಕಗಳ ದೃಢೀಕೃತ ಒಟ್ಟುಪಟ್ಟಿ, ಬೇಕಾದಾಗ ಅರ್ಜಿಯ ಮೂಲೆಯಲ್ಲಿ ಆ ಮೂರು ಸಾಲನ್ನು ನಕಲು ಮಾಡಿ ಅಂಚೆಯಲ್ಲಿ ಕಳಿಸಿದೆವು. ಹನ್ನೊಂದನೆಯ ದಿನಕ್ಕೆ ಸ್ಪೀಡ್ ಪೋಸ್ಟ್ ಅಂಕೋಲಾಕ್ಕೆ ಬಂತು.